ಟೂ ಸ್ಟ್ರೋಕ್ ಬೈಕ್ ಜಾಸ್ತಿ ಹೊಗೆ ಬಿಡುತ್ತಿದೆಯಾ? ಬೋರ್ ಮಾಡಿಸುವ ಮುಂಚೆ ಇಷ್ಟು ನೋಡಿ

ನನ್ನ ಹಳೆಯ ಬೈಕ್‌ಗೆ ಒಮ್ಮೆ ಬೋರ್ ಮಾಡಿಸಿ (ಅಂದರೆ ಸಿಲಿಂಡರ್‌ನ ಒಳಗೋಡೆ ಕೊರೆಸಿ), ಹೊಸ ಪಿಸ್ಟನ್, ಅದರ ಸುತ್ತ ಕೂರುವ ಹೊಸ ರಿಂಗ್ ಹಾಕಿಸಿದೆ. ಕಾರಣ ಹೊಗೆ. ಸಿಗ್ನಲ್‌ನಲ್ಲಿ ನಿಂತರೆ ಹಿಂದಿನವರು ಮೂಗು ಮುಚ್ಚಿಕೊಳ್ಳುವಷ್ಟು ಹೊಗೆ. ಮೆಕ್ಯಾನಿಕ್ ಸೈಲೆನ್ಸರ್ ಕಡೆ ಒಂದು ಸಲ ನೋಡಿ "ರಿಂಗ್ ಹೋಗಿದೆ" ಅಂದರು. ನಾನೂ ತಲೆಯಾಡಿಸಿದೆ. ಎಂಜಿನ್ ಕಟ್ಟಿ 200 ಕಿ.ಮೀ. ಓಡಿಸಿದ ಮೇಲೂ ಹೊಗೆ ಹಾಗೇ ಇತ್ತು. ಪಿಕಪ್ ಮಾತ್ರ ಚೆನ್ನಾಗಿತ್ತು ಅನ್ನಿ.

ಕೊನೆಗೆ ಒಂದು ಭಾನುವಾರ ಗೇರ್ ಆಯಿಲ್ ಆದರೂ ಬದಲಿಸೋಣ ಅಂತ ಡ್ರೈನ್ ಬೋಲ್ಟ್ ಬಿಚ್ಚಿದೆ. ಹಾಕಿದ್ದು 650 ಎಂ.ಎಲ್. ಕೆಳಗಿಟ್ಟ ಬೋಗುಣಿಗೆ ಬಿದ್ದದ್ದು 400ರ ಆಸುಪಾಸು. ಬೈಕ್ ನಿಲ್ಲಿಸುವ ಜಾಗದಲ್ಲಿ ಒಂದು ಹನಿ ಎಣ್ಣೆಯ ಕಲೆಯೂ ಇರಲಿಲ್ಲ. ಮಿಕ್ಕ ಕಾಲು ಲೀಟರ್ ಎಲ್ಲಿಗೆ ಹೋಯಿತು? ಎಂಜಿನ್ ಒಳಗೇ ಉರಿದು ಸೈಲೆನ್ಸರ್‌ನಿಂದ ಆಚೆ ಹೋಗಿತ್ತು. ಕೆಟ್ಟಿದ್ದದ್ದು ಒಂದು ಪುಟ್ಟ ಆಯಿಲ್ ಸೀಲ್. ನಾನು ಬಿಚ್ಚಿಸಿದ್ದು ಇಡೀ ಮೇಲ್ಭಾಗ.

ಆವತ್ತಿನಿಂದ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ಟೂ ಸ್ಟ್ರೋಕ್ ಹೊಗೆಗೆ ರಿಂಗ್ ಮೇಲೆ ಅನುಮಾನ ಪಡುವುದು ಕಟ್ಟಕಡೆಗೆ. ರಿಂಗ್ ಸವೆದರೆ ಹೊಗೆ ಬರುತ್ತದೆ ಅನ್ನುವುದು ಫೋರ್ ಸ್ಟ್ರೋಕ್ ಲೆಕ್ಕ. ಅಲ್ಲಿ ಪಿಸ್ಟನ್ ಕೆಳಗೆ ಎಣ್ಣೆ ತುಂಬಿರುತ್ತದೆ, ರಿಂಗ್ ಹೋದರೆ ಅದು ಮೇಲೆ ಹತ್ತಿ ಉರಿಯುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗೆ ಎಣ್ಣೆಯ ಕೊಳವೇ ಇಲ್ಲ. ಅಲ್ಲಿರುವುದು ಗಾಳಿ, ಪೆಟ್ರೋಲ್ ಮತ್ತು ನಾವೇ ಬೆರೆಸಿದ ಒಂದಿಷ್ಟು 2ಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಎಂಜಿನ್‌ನ ಎಣ್ಣೆ. ಅದು ಹೇಗಿದ್ದರೂ ಮೇಲೆ ಹೋಗಿ ಉರಿಯಬೇಕಾದದ್ದೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಇಷ್ಟೊಂದು ಎಣ್ಣೆ ಎಲ್ಲಿಂದ ಬರುತ್ತಿದೆ?

ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ, ಬಿಚ್ಚುವ ಕೆಲಸದ ಕಡೆಗೆ ಹೋಗೋಣ. ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಚಾಲೂ ಮಾಡುವ ಪರೀಕ್ಷೆ ಏನೇ ಇದ್ದರೂ ಬಯಲಲ್ಲೇ ಮಾಡಿ. ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ವಾಸನೆಯಿಂದ ಗೊತ್ತಾಗುವುದಿಲ್ಲ, ಜೀವಕ್ಕೇ ಅಪಾಯ.

1. ಎಷ್ಟು ಹೊಗೆ ಜಾಸ್ತಿ?

ಟೂ ಸ್ಟ್ರೋಕ್ ಅಂದಮೇಲೆ ಹೊಗೆ ಇದ್ದೇ ಇರುತ್ತದೆ. ತಣ್ಣಗಿರುವ ಎಂಜಿನ್ ಚೋಕ್ ಎಳೆದು ಶುರು ಮಾಡಿದಾಗ ಮೊದಲ ಎರಡು ಮೂರು ನಿಮಿಷ ದಟ್ಟ ಹೊಗೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಬೈಕ್ ಚೆನ್ನಾಗಿ ಬಿಸಿಯಾದ ಮೇಲೆ, ಒಂದೇ ವೇಗದಲ್ಲಿ ಹೋಗುವಾಗ, ಕನ್ನಡಿಯಲ್ಲಿ ಹಿಂದಿನ ರಸ್ತೆ ಸ್ಪಷ್ಟವಾಗಿ ಕಾಣಬೇಕು. ಹತ್ತು ಹದಿನೈದು ಕಿ.ಮೀ. ಓಡಿಸಿದ ಮೇಲೂ ಮಂಜಿನ ಪರದೆ ಬಿಟ್ಟ ಹಾಗೆ ಕಂಡರೆ ಮುಂದೆ ಓದಿ.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ. ನಿನ್ನೆ ಮೊನ್ನೆಯವರೆಗೆ ಸರಿ ಇದ್ದದ್ದು ಇದ್ದಕ್ಕಿದ್ದ ಹಾಗೆ ಶುರುವಾಯಿತಾ, ಅಥವಾ ತಿಂಗಳುಗಟ್ಟಲೆ ನಿಧಾನವಾಗಿ ಏರಿತಾ? ಇದ್ದಕ್ಕಿದ್ದ ಹಾಗೆ ಆದರೆ ಸೀಲ್, ಪಂಪ್, ಇಲ್ಲವೇ ಹೊಸದಾಗಿ ಹಾಕಿದ ಎಣ್ಣೆ. ನಿಧಾನವಾಗಿ ಏರಿದ್ದರೆ ಕಾರ್ಬನ್, ಕಾರ್ಬುರೇಟರ್ ಸವೆತ, ಗಟ್ಟಿಯಾಗುತ್ತಿರುವ ಸೀಲ್.

2. ಬಣ್ಣ, ವಾಸನೆ, ಹೊತ್ತು

ಬಿಳಿ ಗೋಡೆ ಅಥವಾ ಬಿಳಿ ಬಟ್ಟೆ ಹಿಂದೆ ಬರುವ ಹಾಗೆ ಬೈಕ್ ನಿಲ್ಲಿಸಿ ಹೊಗೆ ನೋಡಿ. ಬರಿ ಆಕಾಶದ ಎದುರು ನೀಲಿ ಯಾವುದು, ಬೂದು ಯಾವುದು ಅಂತ ಗೊತ್ತಾಗುವುದಿಲ್ಲ.

ನೀಲಿ ಛಾಯೆಯ ಬಿಳಿ ಹೊಗೆ ಅಂದರೆ ಎಣ್ಣೆ ಜಾಸ್ತಿ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಚಳಿಯ ಬೆಳಿಗ್ಗೆ ಬಂದು ಬೇಗ ಕರಗಿಹೋಗುವ ಬಿಳಿ ಹೊಗೆ ಬರೀ ನೀರಾವಿ. ಎಂಜಿನ್ ಬಿಸಿಯಾದ ಮೇಲೂ ಆ ಆವಿ ನಿಲ್ಲದಿದ್ದರೆ, ನಿಮ್ಮದು ರೇಡಿಯೇಟರ್ ಇರುವ ಬೈಕ್ ಆಗಿದ್ದರೆ, ಹೆಡ್ ಗ್ಯಾಸ್ಕೆಟ್ ಅಥವಾ ಅಲ್ಲಿನ ಓ ರಿಂಗ್ ನೋಡಬೇಕು. ಕೂಲಂಟ್ ಇಳಿಯುತ್ತಿರುತ್ತದೆ, ಹೊಗೆಗೆ ಒಂಥರಾ ಸಿಹಿ ವಾಸನೆ ಇರುತ್ತದೆ. ಏರ್ ಕೂಲ್ಡ್ ಬೈಕ್‌ನವರು ಈ ಮಾತು ಮರೆತುಬಿಡಿ.

ನನ್ನ ಪ್ರಕಾರ ಬಣ್ಣಕ್ಕಿಂತ ವಾಸನೆಯನ್ನು ಜಾಸ್ತಿ ನಂಬಬಹುದು. 2ಟಿ ಆಯಿಲ್ ಉರಿದ ವಾಸನೆ ಟೂ ಸ್ಟ್ರೋಕ್ ಓಡಿಸಿದವರಿಗೆಲ್ಲ ಗೊತ್ತು, ಕೆಲವರಿಗೆ ಇಷ್ಟ ಕೂಡ. ಗೇರ್ ಆಯಿಲ್ ಉರಿದರೆ ಬೇರೆ ತರಹ. ಕಮಟು, ಗಂಟಲಿಗೆ ಹಿಡಿಯುತ್ತದೆ, ಬಟ್ಟೆಗೂ ಅಂಟಿಕೊಳ್ಳುತ್ತದೆ. ನನ್ನ ಬೈಕ್ ಆ ವಾಸನೆಯನ್ನೇ ಬಿಡುತ್ತಿತ್ತು. ನನಗೆ ಆಗ ಗೊತ್ತಾಗಲಿಲ್ಲ ಅಷ್ಟೆ.

3. ಟ್ಯಾಂಕ್ ಒಳಗೆ ಏನಿದೆ?

ಇದು ತೀರಾ ಚಿಕ್ಕ ವಿಷಯ ಅನ್ನಿಸಬಹುದು. ಆದರೂ ಇಲ್ಲೇ ಸಿಕ್ಕಿಬೀಳುವವರು ಬಹಳ.

ಕಂಪನಿ ಹೇಳಿದ ಪ್ರಮಾಣ 50ಕ್ಕೆ 1 ಅಂದರೆ ಲೀಟರ್ ಪೆಟ್ರೋಲ್‌ಗೆ 20 ಎಂ.ಎಲ್. ಎಣ್ಣೆ. 40ಕ್ಕೆ 1 ಆದರೆ 25 ಎಂ.ಎಲ್., 32ಕ್ಕೆ 1 ಆದರೆ ಸುಮಾರು 31, 25ಕ್ಕೆ 1 ಆದರೆ 40, ತೀರಾ ಹಳೆಯ ಎಂಜಿನ್‌ಗಳ 20ಕ್ಕೆ 1 ಆದರೆ 50 ಎಂ.ಎಲ್. ಮುಚ್ಚಳದ ಲೆಕ್ಕದಲ್ಲಿ, ಕಣ್ಣಳತೆಯಲ್ಲಿ ಹಾಕುವವರು ಒಮ್ಮೆ ಆ ಮುಚ್ಚಳದಲ್ಲಿ ಎಷ್ಟು ಹಿಡಿಯುತ್ತದೆ ಅಂತ ಸಿರಿಂಜ್‌ನಿಂದ ಅಳೆದು ನೋಡಿ. "ಇರಲಿ ಬಿಡು, ಎಂಜಿನ್‌ಗೆ ಒಳ್ಳೇದು" ಅಂತ ಮೇಲಿಂದ ಇನ್ನೊಂದು ಸುರಿ ಸುರಿಯುವ ಅಭ್ಯಾಸ ಇದ್ದರಂತೂ ಹೊಗೆಗೆ ಬೇರೆ ಕಾರಣ ಹುಡುಕಬೇಕಿಲ್ಲ. ಹಾಗೆ ಸುರಿಯುವುದರಲ್ಲಿ ಲಾಭವೂ ಇಲ್ಲ. ಎಣ್ಣೆ ಜಾಸ್ತಿಯಾದಷ್ಟು ಕಾರ್ಬುರೇಟರ್‌ನ ಅದೇ ಜೆಟ್‌ನಿಂದ (ಪೆಟ್ರೋಲ್ ಬಿಡುವ ಸಣ್ಣ ರಂಧ್ರದಿಂದ) ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ, ಮಿಶ್ರಣ ಸ್ವಲ್ಪ ತೆಳುವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಂಡವರು ಇನ್ನೊಂದು ನೋಡಬೇಕು. ಬೈಕ್‌ಗೆ ಬೇರೆ ಆಯಿಲ್ ಟ್ಯಾಂಕ್, ಆಯಿಲ್ ಪಂಪ್ ಇದೆಯಾ? ಅದು ಕೆಲಸ ಮಾಡುತ್ತಿದೆಯಾ? ಇದ್ದರೆ, ಹಳೆಯ ಮಾಲೀಕರು ಹೇಳಿದ್ದಾರೆ ಅಂತ ಪೆಟ್ರೋಲ್‌ಗೂ ಎಣ್ಣೆ ಬೆರೆಸುತ್ತಿದ್ದೀರಾ? ಹಾಗಾದರೆ ಎಂಜಿನ್‌ಗೆ ಎರಡು ಊಟ ಹಾಕುತ್ತಿದ್ದೀರಿ. ಆದರೆ ಬೆರೆಸುವುದನ್ನು ನಿಲ್ಲಿಸುವ ಮುಂಚೆ ಪಂಪ್ ನಿಜಕ್ಕೂ ಎಣ್ಣೆ ಕಳಿಸುತ್ತಿದೆ ಅಂತ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಹೊಗೆ ನಿಲ್ಲುತ್ತದೆ, ಜೊತೆಗೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ನೂ ಸೀಜ್ ಆಗಿ ನಿಲ್ಲುತ್ತದೆ.

ಎಣ್ಣೆಯ ಗುಣವೂ ಮುಖ್ಯ. ಡಬ್ಬಿಯ ಮೇಲೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ದರ್ಜೆ ನೋಡಿ. ಎಫ್‌ಬಿಗಿಂತ ಎಫ್‌ಸಿ, ಎಫ್‌ಡಿ ಎಣ್ಣೆಗಳು ಕಡಿಮೆ ಹೊಗೆ ಬಿಡುತ್ತವೆ. ಎಫ್‌ಡಿಯಲ್ಲಿ ಒಳಗೆ ಕಟ್ಟಿಕೊಳ್ಳುವ ಕಾರ್ಬನ್ನೂ ಕಡಿಮೆ. ಟಿಸಿ-ಡಬ್ಲ್ಯು3 ಅಂತ ಬರೆದಿರುವುದು ದೋಣಿಯ ನೀರು ತಂಪಿನ ಎಂಜಿನ್‌ಗೆ ಮಾಡಿದ್ದು, ಬೈಕ್‌ಗೆ ಬೇಡ. ಫೋರ್ ಸ್ಟ್ರೋಕ್ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಅದು ಉರಿದ ಮೇಲೆ ಬೂದಿ ಉಳಿದು ಪ್ಲಗ್‌ಗೆ, ಪಿಸ್ಟನ್ ತಲೆಗೆ ಮೆತ್ತಿಕೊಳ್ಳುತ್ತದೆ.

4. ಆಯಿಲ್ ಪಂಪ್

ಪಂಪ್ ಇರುವ ಬೈಕ್‌ಗಳಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಒಂದು ಕೇಬಲ್ ಕಾರ್ಬುರೇಟರ್‌ಗೂ ಇನ್ನೊಂದು ಪಂಪ್‌ಗೂ ಹೋಗುತ್ತದೆ. ಪಂಪ್‌ನ ಪುಲ್ಲಿ ಮೇಲೆ ಒಂದು ಗೆರೆ, ಬಾಡಿ ಮೇಲೆ ಇನ್ನೊಂದು ಗುರುತು ಇರುತ್ತದೆ. ಮ್ಯಾನುಯಲ್ ಹೇಳಿದ ಆಕ್ಸಿಲರೇಟರ್ ಸ್ಥಿತಿಯಲ್ಲಿ ಇವೆರಡೂ ಕೂಡಬೇಕು. ಯಾರೋ ಕೇಬಲ್ ಬದಲಿಸಿ ಬಿಗಿ ಮಾಡಿಟ್ಟಿದ್ದರೆ ಪಂಪ್ ಯಾವಾಗಲೂ ಅರ್ಧ ತೆರೆದ ಹಾಗೆ ಎಣ್ಣೆ ತಳ್ಳುತ್ತದೆ. ಐದು ನಿಮಿಷದ ಕೆಲಸ, ಮೊದಲು ಇದನ್ನು ನೋಡಿ.

ಇನ್ನೊಂದು ಲಕ್ಷಣ ಗಮನಿಸಿ. ರಾತ್ರಿ ನಿಲ್ಲಿಸಿದ ಬೈಕ್ ಬೆಳಿಗ್ಗೆ ಭಯಂಕರ ಹೊಗೆ ಬಿಟ್ಟು, ಎರಡು ಮೂರು ಕಿ.ಮೀ. ಹೋದ ಮೇಲೆ ಸರಿಹೋಗುತ್ತದೆ. ಎರಡು ದಿನ ಬಿಟ್ಟು ತೆಗೆದರೆ ಇನ್ನೂ ಜಾಸ್ತಿ. ಆಗ ಪಂಪ್‌ನ ಚೆಕ್ ವಾಲ್ವ್ ಮೇಲೆ ಅನುಮಾನ ಪಡಿ. ಒಳಗೆ ಸ್ಪ್ರಿಂಗ್ ಮೇಲೆ ಕೂತ ಒಂದು ಸಣ್ಣ ಗುಂಡು ಇರುತ್ತದೆ. ಅದರ ಕೆಳಗೆ ಕಸ ಸಿಕ್ಕಿಕೊಂಡರೆ ಎಂಜಿನ್ ನಿಂತಿದ್ದರೂ ಟ್ಯಾಂಕಿನ ಎಣ್ಣೆ ತಾನಾಗಿ ಇಳಿದು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸ್ ಸೇರುತ್ತದೆ.

ಪರೀಕ್ಷೆ ಸುಲಭ. ಎಣ್ಣೆ ಎಂಜಿನ್‌ಗೆ ಸೇರುವ ಸಣ್ಣ ಪೈಪ್‌ನ ತುದಿ ಬಿಚ್ಚಿ, ಒಂದು ಚೊಕ್ಕ ಸೀಸೆಗೆ ಇಳಿಬಿಡಿ. ತುದಿ ಮೊದಲು ಎಷ್ಟು ಎತ್ತರದಲ್ಲಿತ್ತೋ ಅಷ್ಟರಲ್ಲೇ ಇರಲಿ. ಕೆಳಗೆ ಜೋತುಬಿಟ್ಟರೆ ಒಳ್ಳೆಯ ವಾಲ್ವ್ ಕೂಡ ಹನಿಸಬಹುದು. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. ಸೀಸೆಯ ತಳದಲ್ಲಿ ಎಣ್ಣೆ ನಿಂತಿದ್ದರೆ ಕಳ್ಳ ಸಿಕ್ಕಿದ. ಪೈಪ್ ಮತ್ತೆ ಕೂರಿಸಿದ ಮೇಲೆ ಪಂಪ್‌ನ ಗಾಳಿ ತೆಗೆಯುವ ಸ್ಕ್ರೂ ಬಿಚ್ಚಿ, ಗುಳ್ಳೆ ನಿಂತು ಬರೀ ಎಣ್ಣೆ ಬರುವ ತನಕ ಬಿಡಿ. ಪೈಪ್‌ನಲ್ಲೂ ಗಾಳಿ ಉಳಿದಿರುತ್ತದೆ. ಹಾಗಾಗಿ ಮೊದಲ ಒಂದೆರಡು ಲೀಟರ್ ಪೆಟ್ರೋಲ್‌ಗೆ ಎಣ್ಣೆ ಬೆರೆಸಿಯೇ ಓಡಿಸಿ. ಪೈಪ್ ಬಿಚ್ಚಿದಾಗ ಎಂಜಿನ್ ಶುರು ಮಾಡಲೇಬೇಡಿ.

5. ಪ್ಲಗ್ ಬಿಚ್ಚಿ ನೋಡಿ

ಐದಾರು ಕಿ.ಮೀ. ಓಡಿಸಿ, ಒಂದೇ ವೇಗದಲ್ಲಿ ಹೋಗುತ್ತಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ. ಖಾಲಿ ರಸ್ತೆಯಲ್ಲಿ ಮಾತ್ರ ಮಾಡಿ. ಸ್ವಲ್ಪ ಆರಿದ ಮೇಲೆ ಪ್ಲಗ್ ತೆಗೆಯಿರಿ. ಸುಮ್ನೆ ನಿಂತಲ್ಲೇ ಸ್ಲೋ ಸ್ಪೀಡ್‌ನಲ್ಲಿ ಓಡಿಸಿ ತೆಗೆದರೆ ಪ್ಲಗ್ ಸುಳ್ಳು ಹೇಳುತ್ತದೆ.

ತಿಳಿ ಕಂದು ಬಣ್ಣ ಇದ್ದರೆ ಉರಿ ಸರಿಯಾಗಿದೆ. ಕಪ್ಪಾಗಿ, ಒದ್ದೆಯಾಗಿ, ಬೆರಳಿಗೆ ಜಿಡ್ಡು ಅಂಟಿದರೆ ಎಣ್ಣೆ ಜಾಸ್ತಿ, ಅಥವಾ ಕಿಡಿ ಬಲವಾಗಿಲ್ಲ. ಒಣ ಮಸಿ, ಒರೆಸಿದರೆ ಕಾಡಿಗೆಯ ಹಾಗೆ ಬರುತ್ತದೆ ಅಂದರೆ ಪೆಟ್ರೋಲ್ ಜಾಸ್ತಿ.

ಒಣ ಮಸಿ ಇದ್ದರೆ ಕಾರ್ಬುರೇಟರ್ ಕಡೆ ಹೋಗಿ. ಏರ್ ಫಿಲ್ಟರ್ ಮೊದಲು. ಧೂಳು ಕಟ್ಟಿದ ಫಿಲ್ಟರ್ ಉಸಿರು ಕಟ್ಟಿಸುತ್ತದೆ. ಸ್ಪಂಜ್ ಫಿಲ್ಟರ್‌ಗೆ ಎಣ್ಣೆ ಹಚ್ಚಿ ಹಿಂಡದೆ ಹಾಕಿದ್ದರೆ ಅದೂ ಹೊಗೆ. ಆಮೇಲೆ ಚೋಕ್. ಬಹಳ ಬೈಕ್‌ಗಳಲ್ಲಿ ಚೋಕ್ ಅಂದರೆ ತುದಿಯಲ್ಲಿ ರಬ್ಬರ್ ಇರುವ ಪುಟ್ಟ ಪ್ಲಂಜರ್. ವರ್ಷಗಳಾದ ಮೇಲೆ ರಬ್ಬರ್ ಕಲ್ಲಾಗಿ, ಚೋಕ್ ಒತ್ತಿದ್ದರೂ ಪೆಟ್ರೋಲ್ ನುಸುಳುತ್ತಿರುತ್ತದೆ. ಫ್ಲೋಟ್ ಸೂಜಿ ಸವೆದು ಕಾರ್ಬುರೇಟರ್ ತುಂಬಿ ಹರಿಯುತ್ತಿದೆಯಾ ಅಂತಲೂ ನೋಡಿ. ಇಷ್ಟೆಲ್ಲ ಸರಿ ಇದ್ದು, ಅರ್ಧ ಆಕ್ಸಿಲರೇಟರ್‌ನಲ್ಲಿ ಮಾತ್ರ ಗೊಗ್ಗರು ದನಿಯ ಜೊತೆ ಕಪ್ಪು ಹೊಗೆ ಬಂದರೆ ನೀಡಲ್ ಜೆಟ್‌ನ ರಂಧ್ರ ಉಜ್ಜಿ ಉಜ್ಜಿ ದೊಡ್ಡದಾಗಿರುತ್ತದೆ. ಹಳೆಯ ಬೈಕ್‌ಗಳಲ್ಲಿ ಇದು ಸಾಮಾನ್ಯ. ನೀಡಲ್ ಮತ್ತು ಜೆಟ್ ಎರಡನ್ನೂ ಒಟ್ಟಿಗೆ ಬದಲಿಸಿ.

6. ಸೈಲೆನ್ಸರ್

ಯಾವಾಗಲೂ ನಿಧಾನಕ್ಕೆ, ಹತ್ತಿರದ ಓಡಾಟಕ್ಕೇ ಬಳಸುವ ಬೈಕ್‌ನ ಸೈಲೆನ್ಸರ್ ಒಳಗೆ ಉರಿಯದ ಎಣ್ಣೆ ಟಾರ್ ಹಾಗೆ ಕಟ್ಟಿಕೊಂಡಿರುತ್ತದೆ. ಒಂದು ದಿನ ದೂರ ಹೋಗಿ ಸೈಲೆನ್ಸರ್ ಕಾದಾಗ ಅದೆಲ್ಲ ಬೇಯಲು ಶುರುವಾಗಿ ಹೊಗೆ ಏಳುತ್ತದೆ. ಎಂಜಿನ್ ಏನೂ ಕೆಟ್ಟಿರುವುದಿಲ್ಲ. ಹಿಂದಿನ ಬೋಲ್ಟ್ ಬಿಚ್ಚಿ ಒಳಗಿನ ಬ್ಯಾಫಲ್ ಪೈಪ್ ಎಳೆದು, ಸೀಮೆಎಣ್ಣೆಯಲ್ಲಿ ನೆನೆಸಿ ತಂತಿ ಬ್ರಷ್‌ನಿಂದ ಉಜ್ಜಿ. ಸೈಲೆನ್ಸರ್ ಕಳಚಿದಾಗ ಸಿಲಿಂಡರ್‌ನ ಎಕ್ಸಾಸ್ಟ್ ರಂಧ್ರವನ್ನೂ ನೋಡಿ. ಕಾರ್ಬನ್ ಕಟ್ಟಿ ಚಿಕ್ಕದಾಗಿದ್ದರೆ, ಕಿಕ್ಕರ್ ನಿಧಾನಕ್ಕೆ ಒತ್ತಿ ಪಿಸ್ಟನ್ ಮೇಲೆ ಬಂದು ಆ ರಂಧ್ರ ಮುಚ್ಚುವ ಹಾಗೆ ಮಾಡಿ, ಮರದ ಚೂಪು ಕಡ್ಡಿಯಿಂದ ಕೆರೆದು ಪುಡಿಯನ್ನು ಊದಿ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ಪಿಸ್ಟನ್ ಮೈ ಗೀರುತ್ತದೆ.

7. ಗೇರ್ ಆಯಿಲ್ ಅಳೆಯಿರಿ

ಈ ಹೆಜ್ಜೆಯನ್ನು ನಾನು ಮೊದಲೇ ಮಾಡಿದ್ದರೆ ಬೋರ್ ಖರ್ಚು ಉಳಿಯುತ್ತಿತ್ತು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೇಸ್ ಅಂದರೆ ಒಂದು ಪಂಪ್ ಇದ್ದ ಹಾಗೆ. ಪಿಸ್ಟನ್ ಮೇಲೆ ಹೋದಾಗ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಒತ್ತುತ್ತದೆ. ಗಾಳಿ ಅತ್ತಿತ್ತ ಹೋಗದ ಹಾಗೆ ಅದರೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್‌ನ ಎರಡೂ ತುದಿಯಲ್ಲಿ ಒಂದೊಂದು ರಬ್ಬರ್ ಆಯಿಲ್ ಸೀಲ್ ಇರುತ್ತದೆ. ಒಂದು ಮ್ಯಾಗ್ನೆಟ್ (ಕಿಡಿಗೆ ಕರೆಂಟ್ ಕೊಡುವ ಚಕ್ರ) ಕಡೆ, ಇನ್ನೊಂದು ಕ್ಲಚ್ ಕಡೆ. ಕ್ಲಚ್ ಕಡೆಯ ಸೀಲ್‌ನ ಆಚೆ ಗೇರ್ ಆಯಿಲ್ ಇದೆ. ಆ ಸೀಲ್‌ನ ತುಟಿ ಗಟ್ಟಿಯಾಗಿ ಬಿಗಿ ಹೋದರೆ, ಪಿಸ್ಟನ್ ಮೇಲೆ ಹೋದಾಗಲೆಲ್ಲ ಗಾಳಿಯ ಜೊತೆ ಗೇರ್ ಆಯಿಲ್ಲೂ ಒಳಗೆ ಬರುತ್ತದೆ. ವರ್ಷಗಟ್ಟಲೆ ನಿಂತಿದ್ದ ಬೈಕ್ ಎಬ್ಬಿಸಿದವರಿಗೆ ಈ ತೊಂದರೆ ಜಾಸ್ತಿ. ನಿಂತ ಬೈಕ್‌ನಲ್ಲಿ ರಬ್ಬರ್ ಒಣಗಿ ಕ್ರ್ಯಾಂಕ್‌ಗೇ ಕಚ್ಚಿಕೊಂಡಿರುತ್ತದೆ, ತಿರುಗಿಸಿದ ಕೂಡಲೇ ಹರಿಯುತ್ತದೆ.

ಲಕ್ಷಣ ಹೀಗಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಜಾರು ಇಳಿದು, ಕೆಳಗೆ ಬಂದು ಮತ್ತೆ ತಿರುಗಿಸಿದಾಗ ಹಿಂದೆ ಒಂದು ದೊಡ್ಡ ಮೋಡ. ಆಕ್ಸಿಲರೇಟರ್ ಮುಚ್ಚಿದಾಗ ಕ್ರ್ಯಾಂಕ್ ಕೇಸ್ ಜಾಸ್ತಿ ಎಳೆಯುತ್ತದೆ, ಎಣ್ಣೆ ಒಳಗೆ ಸೇರುತ್ತದೆ. ಸ್ಲೋ ಸ್ಪೀಡ್‌ನಲ್ಲಿ ನಿಂತಾಗಲೂ ಹೊಗೆ ಜಾಸ್ತಿ. 2ಟಿ ಆಯಿಲ್ ಖರ್ಚು ಮಾತ್ರ ಎಂದಿನಷ್ಟೇ.

ಅಳೆಯುವುದು ಹೇಗೆ? ಎಂಜಿನ್ ಬೆಚ್ಚಗಿರುವಾಗ, ಬೈಕ್ ನೆಟ್ಟಗೆ ನಿಲ್ಲಿಸಿ, ಗೇರ್ ಆಯಿಲ್ ಪೂರ್ತಿ ಇಳಿಸಿ. ಹತ್ತು ನಿಮಿಷ ಕಾಯಿರಿ. ಅಳತೆ ಗುರುತಿರುವ ಪಾತ್ರೆಗೆ ಹಾಕಿ ಎಷ್ಟಿದೆ ಬರೆದಿಡಿ. ಮೊದಲು ಎಷ್ಟು ಹಾಕಿದ್ದರು ಅಂತ ಗೊತ್ತಿಲ್ಲದಿದ್ದರೆ ಈ ಸಲದ ಲೆಕ್ಕ ನಂಬಬೇಡಿ. ಮ್ಯಾನುಯಲ್ ಅಥವಾ ಕ್ರ್ಯಾಂಕ್ ಕೇಸ್ ಮೇಲೆ ಅಚ್ಚಾಗಿರುವ ಪ್ರಮಾಣದಷ್ಟೇ ಹೊಸ ಎಣ್ಣೆ ಅಳೆದು ಹಾಕಿ, 300 ಕಿ.ಮೀ. ಓಡಿಸಿ, ಮತ್ತೆ ಇಳಿಸಿ ಅಳೆಯಿರಿ. ಒಳಗೆ ಅಂಟಿಕೊಂಡು ಸ್ವಲ್ಪ ಕಡಿಮೆ ಬರುವುದು ಸಹಜ. ಹೊರಗೆ ಸೋರಿಕೆ ಇಲ್ಲದೆ 100 ಎಂ.ಎಲ್.ಗಿಂತ ಜಾಸ್ತಿ ಮಾಯವಾಗಿದ್ದರೆ ಸೀಲ್ ಬದಲಿಸುವ ತಯಾರಿ ಮಾಡಿಕೊಳ್ಳಿ.

ಇಳಿಸಿದ ಎಣ್ಣೆಯನ್ನು ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಬಂದು ಎಣ್ಣೆ ನೀರಾಗಿದ್ದರೆ ಅದೂ ಆ ಸೀಲ್‌ನದೇ ಸುದ್ದಿ. ಪಿಸ್ಟನ್ ಕೆಳಗೆ ಬಂದಾಗ ಒತ್ತಡಕ್ಕೆ ಮಿಶ್ರಣ ಗೇರ್ ಬಾಕ್ಸ್‌ಗೆ ನುಗ್ಗಿದೆ. ಎಣ್ಣೆ ಹಾಕಿದ್ದಕ್ಕಿಂತ ಜಾಸ್ತಿ ಬಂದು ಪೆಟ್ರೋಲ್ ವಾಸನೆ ಇಲ್ಲದಿದ್ದರೆ, ಆಯಿಲ್ ಪಂಪ್‌ನ ಶಾಫ್ಟ್ ಸೀಲ್ ಸೋರಿ 2ಟಿ ಆಯಿಲ್ ಗೇರ್ ಬಾಕ್ಸ್ ಸೇರಿರಬಹುದು. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ, ಡಬ್ಬಿಗೆ ತುಂಬಿ ಹಳೆ ಎಣ್ಣೆ ತೆಗೆದುಕೊಳ್ಳುವ ಕಡೆ ಕೊಡಿ.

ಇನ್ನೂ ಅನುಮಾನ ಉಳಿದರೆ ಒತ್ತಡದ ಪರೀಕ್ಷೆ ಇದೆ. ಕಾರ್ಬುರೇಟರ್ ಕಡೆ ಮತ್ತು ಎಕ್ಸಾಸ್ಟ್ ಕಡೆ ಎರಡನ್ನೂ ಗಾಳಿ ಹೋಗದ ಹಾಗೆ ಮುಚ್ಚಿ, ಕೈ ಪಂಪ್‌ನಿಂದ 6 ಪಿಎಸ್‌ಐ ತನಕ ಮಾತ್ರ ಗಾಳಿ ತುಂಬಬೇಕು. ಅದಕ್ಕಿಂತ ಜಾಸ್ತಿ ಮಾಡಿದರೆ ಚೆನ್ನಾಗಿರುವ ಸೀಲೇ ಜಾರಿ ಆಚೆ ಬರಬಹುದು. ಮುಳ್ಳು ಇಳಿಯತೊಡಗಿದರೆ ಸಿಲಿಂಡರ್ ಬುಡ, ಹೆಡ್, ಮ್ಯಾಗ್ನೆಟ್ ಕಡೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಎಲ್ಲೂ ಗುಳ್ಳೆ ಇಲ್ಲ, ಮುಳ್ಳು ಇಳಿಯುತ್ತಲೇ ಇದೆ ಅಂದರೆ ಗೇರ್ ಬಾಕ್ಸ್‌ನ ಗಾಳಿ ಪೈಪ್‌ನ ತುದಿಯನ್ನು ಒಂದು ಲೋಟ ನೀರಲ್ಲಿ ಮುಳುಗಿಸಿ. ಅಲ್ಲಿ ಬುಳುಬುಳು ಬಂದರೆ ಕ್ಲಚ್ ಕಡೆಯ ಸೀಲ್ ತಾನೇ ಒಪ್ಪಿಕೊಂಡ ಹಾಗೆ.

ಸೀಲ್ ಬದಲಿಸುವುದು ಎಷ್ಟು ದೊಡ್ಡ ಕೆಲಸ ಅನ್ನುವುದು ಬೈಕ್ ಮೇಲೆ ಹೋಗುತ್ತದೆ. ಕೆಲವದರಲ್ಲಿ ಕ್ಲಚ್ ಕವರ್, ಕ್ಲಚ್, ಪ್ರೈಮರಿ ಗೇರ್ ಕಳಚಿದರೆ ಹೊರಗಿನಿಂದಲೇ ಸೀಲ್ ತೆಗೆಯಬಹುದು. ಕೆಲವದರಲ್ಲಿ ಸೀಲ್‌ಗೆ ಒಳಗಿನಿಂದ ಅಂಚು ಇದ್ದು, ಎಂಜಿನ್ ಎರಡು ಹೋಳು ಮಾಡಲೇಬೇಕು. ಯಾವುದೇ ಆಗಲಿ, ಹೊಸ ಸೀಲ್ ಕೂರಿಸುವ ಮುಂಚೆ ಮ್ಯಾಗ್ನೆಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಆಟ ಸಿಕ್ಕರೆ ಕ್ರ್ಯಾಂಕ್ ಬೇರಿಂಗ್ ಹೋಗಿದೆ, ಹೊಸ ಸೀಲ್ ಕೂಡ ಬಾಳುವುದಿಲ್ಲ. ಮ್ಯಾಗ್ನೆಟ್ ಕಡೆಯ ಸೀಲನ್ನೂ ಜೊತೆಗೇ ಬದಲಿಸಿ. ಅದು ಹೋದರೆ ಹೊಗೆ ಬರುವುದಿಲ್ಲ, ಬರೀ ಗಾಳಿ ಒಳಗೆ ಬಂದು ಮಿಶ್ರಣ ತೆಳುವಾಗಿ ಎಂಜಿನ್ ಕಾದು ಸೀಜ್ ಆಗುತ್ತದೆ. ಹೊಗೆ ಬಿಡುವ ಸೀಲ್ ಹೇಳಿಯಾದರೂ ಹೋಗುತ್ತದೆ, ಇದು ಹೇಳದೆ ಕೆಡಿಸುತ್ತದೆ.

8. ಈಗ ರಿಂಗ್ ಬಗ್ಗೆ ಯೋಚಿಸಿ

ಕಿಕ್ಕರ್ ಒತ್ತಿದರೆ ಸಲೀಸಾಗಿ ಕೆಳಗೆ ಹೋಗುತ್ತಿದೆಯಾ? ಏರಿನಲ್ಲಿ ಎಳೆತ ಇಲ್ಲವಾ? ಬಿಸಿಯಾದ ಮೇಲೆ ಶುರುವಾಗಲು ಸತಾಯಿಸುತ್ತದಾ? ಹಾಗಿದ್ದರೆ ಪ್ಲಗ್ ಜಾಗಕ್ಕೆ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಮುಳ್ಳು ನಿಲ್ಲುವ ತನಕ ಕಿಕ್ ಮಾಡಿ ಅಳೆಯಿರಿ. ಮ್ಯಾನುಯಲ್ ಹೇಳಿದ್ದಕ್ಕಿಂತ ತೀರಾ ಕಡಿಮೆ ಇದ್ದರೆ ಬೋರ್ ಕೆಲಸ ಮಾಡಿಸಿ. ಒತ್ತಡ ಕಡಿಮೆಯಾದಾಗ ಉರಿ ಸರಿಯಾಗದೆ ಹೊಗೆ ಸ್ವಲ್ಪ ಏರುವುದು ನಿಜ. ಆದರೆ ಅದರ ಮೊದಲ ಗುರುತು ಎಳೆತ ಹೋಗುವುದು. ಎಳೆತ ಗಟ್ಟಿಯಾಗಿದ್ದು ಹೊಗೆ ಮಾತ್ರ ಜಾಸ್ತಿ ಇದ್ದರೆ ಹೆಡ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಬೇಡಿ.

ರಿಪೇರಿ ಆದ ಮೇಲೆ

ಸೀಲ್ ಬದಲಿಸಿ ಬೈಕ್ ಶುರು ಮಾಡಿದೆ. ಮತ್ತೆ ಅದೇ ಹೊಗೆ! ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ತಿಂಗಳುಗಟ್ಟಲೆ ಕುಡಿದ ಗೇರ್ ಆಯಿಲ್ ಸೈಲೆನ್ಸರ್ ಒಳಗೆಲ್ಲ ಮೆತ್ತಿಕೊಂಡಿದೆ, ಅದು ಉರಿದು ಮುಗಿಯಬೇಕು. ಬ್ಯಾಫಲ್ ತೊಳೆದಿದ್ದರೂ ಗೋಡೆಗೆ ಅಂಟಿದ್ದು ಉಳಿದೇ ಇರುತ್ತದೆ. ಸೈಲೆನ್ಸರ್ ಚೆನ್ನಾಗಿ ಕಾಯುವ ಹಾಗೆ ಒಂದೆರಡು ಸಲ ದೂರ ಓಡಿಸಿ. ನನ್ನದು ಮೂರನೇ ದಿನಕ್ಕೆ ತಿಳಿಯಾಯಿತು. 300 ಕಿ.ಮೀ. ಆದಾಗ ಗೇರ್ ಆಯಿಲ್ ಮತ್ತೆ ಇಳಿಸಿ ಅಳೆದೆ. 640 ಎಂ.ಎಲ್. ಬಂತು. ಆ ಹತ್ತು ಎಂ.ಎಲ್. ಬೋಗುಣಿಗೇ ಅಂಟಿಕೊಂಡಿತ್ತು.